ಹಸಿರು ಸೀರೆ ತಂತಿಯ ಮೇಲೇ ಇತ್ತು

ಆ ಕಾದಂಬರಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಇಲ್ಲಿಂದ ಧಾರವಾಡದ ತನಕ ಇರುವ ವಿಮರ್ಶಕರೆಲ್ಲ ನನ್ನ ಮೇಲೆ ದಂಡೆತ್ತಿ ಬರುತ್ತಾರೆ. ನವ್ಯದವರು ಆ ಪುಸ್ತಕಕ್ಕೆ ಊದುಬತ್ತಿ ಹಚ್ಚುವುದೊಂದು ಬಾಕಿ. ಕಥೆ ಮಾತ್ರ ಇಷ್ಟೇ. ಸರ್ವೆ ಇಲಾಖೆಯ ಒಬ್ಬ ಗುಮಾಸ್ತ ಮೂರನೆಯ ಅಧ್ಯಾಯದ ಕೊನೆಯಲ್ಲಿ ಅಡುಗೆಮನೆಯೊಳಗೆ ಹೆಂಡತಿಯನ್ನು ಹೊಡೆಯುತ್ತಾನೆ. ‘ಕೊಡ ಉರುಳಿದಂತೆ ಧಪ್ಪೆಂದು ಸದ್ದಾಯಿತು’ ಎಂದು ಒಂದೇ ಸಾಲು. ಅವನು ತಿರುಗಿ ನೋಡದೆ ಹೊರಟು, ಕೆರೆ ಏರಿಯ ಮೇಲೆ ಕೂತು ನಲವತ್ತು ಪುಟ ಯೋಚನೆ ಮಾಡುತ್ತಾನೆ. ನಾನು ಯಾರು, ಬದುಕಿಗೆ ಅರ್ಥವುಂಟೇ, ಇತ್ಯಾದಿ. ಆ ನಲವತ್ತು ಪುಟದ ಮೇಲೆ ನಮ್ಮವರು ನಾನೂರು ಪುಟ ಬರೆದಿದ್ದಾರೆ. ಹೆಂಡತಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ.

ನನ್ನ ಹೆಸರು ಆದಿಲಕ್ಷ್ಮಮ್ಮ. ಶ್ರೀನಿವಾಸಪುರದವಳು, ಮಾವಿನ ತೋಪಿನವರ ಮಗಳು. ಬಿ.ಎ.ಯಲ್ಲಿ ಕನ್ನಡಕ್ಕೆ ಮೊದಲನೆಯ ದರ್ಜೆ. ಗಂಡ ಸುಬ್ಬರಾಯಪ್ಪ ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು, ಅವನದು ಎರಡನೆಯ ದರ್ಜೆ. ಗಂಡನಿಗೆ ಏಕವಚನವೇ ಎಂದು ಹುಬ್ಬೇರಿಸುವವರು ಸ್ವಲ್ಪ ಮುಂದೆ ಓದಿ, ಆಮೇಲೆ ಬೇಕಾದರೆ ನೀವೇ ಬಹುವಚನ ಹಾಕಿಕೊಳ್ಳಿ.

ಅವನು ವಿಮರ್ಶಕ. ಮಂಚದ ಮೇಲೆ ಅಂಗಾತ ಮಲಗಿ, ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚುತ್ತಿದ್ದ. ಅದನ್ನು ದೇವರೂ ಓದಲಾರ, ನಾನು ಓದುತ್ತಿದ್ದೆ. ಓದಿ, ಫುಲ್‌ಸ್ಕೇಪ್ ಹಾಳೆಯಲ್ಲಿ ಮಸಿಯಿಂದ ಫೇರ್ ಕಾಪಿ ಮಾಡುತ್ತಿದ್ದೆ. ಕೆಳಗೆ ಅವನ ಹೆಸರನ್ನೂ ನಾನೇ ಬರೆಯುತ್ತಿದ್ದೆ. ಸಂಪಾದಕರಿಗೆ ಕಾಗದ ಬರೆಯುವುದೂ ನಾನೇ. ಮೇಷ್ಟ್ರುಗಳ ಮನೆಯಲ್ಲಿ ಆಗ ಇದೆಲ್ಲ ನಡೆದೇ ಇತ್ತು. ಹಪ್ಪಳ ಒತ್ತುವಂತೆ, ಹೆಂಡತಿಯ ಇನ್ನೊಂದು ಕೆಲಸ. ಎಂಟು ವರ್ಷದಲ್ಲಿ ಹೀಗೆ ಎರಡು ಪುಸ್ತಕಕ್ಕಾಗುವಷ್ಟು ಬರೆದೆ.

ಮೊದಲನೆಯ ಏಟು ಬಿದ್ದದ್ದು ಮದುವೆಯಾದ ನಾಲ್ಕನೆಯ ತಿಂಗಳು. ಸಾರಿಗೆ ಉಪ್ಪು ಹೆಚ್ಚಾಗಿತ್ತೆಂದಲ್ಲ. ಅವನ ಡ್ರಾಫ್ಟಿನಲ್ಲಿ ಒಂದೇ ಮಾತು ಎರಡು ಸಲ ಬಂದಿತ್ತು, ನಾನು ಒಂದನ್ನು ಕೈಬಿಟ್ಟಿದ್ದೆ. ‘ನನ್ನ ವಾಕ್ಯ ಕತ್ತರಿಸೋಕೆ ನೀನ್ಯಾರೇ?’ ಎಂದು ಕೆನ್ನೆಗೆ ಬಾರಿಸಿದ. ಆಮೇಲೆ ಅಭ್ಯಾಸವಾಯಿತು, ಅವನಿಗೆ ಹೊಡೆಯುವುದು, ನನಗೆ ತಿನ್ನುವುದು. ಎಪ್ಪತ್ತನಾಲ್ಕರಲ್ಲಿ ಯಾವುದೋ ವಿಚಾರಸಂಕಿರಣದಲ್ಲಿ ಯಾರೋ ಇವನ ಬಾಯಿ ಮುಚ್ಚಿಸಿದ್ದರಂತೆ. ಮನೆಗೆ ಬಂದವನೇ ನನ್ನ ತಲೆ ಹಿಡಿದು ಗೋಡೆಗೆ ಅಪ್ಪಳಿಸಿದ. ಅಂದಿನಿಂದ ಎಡಗಿವಿ ಕೇಳುವುದಿಲ್ಲ. ಹೊಡೆದು ಬೆಟ್ಟದ ಕಡೆ ವಾಕಿಂಗ್ ಹೋದ. ಬಂದು ಕೂತು ಹನ್ನೆರಡು ಪುಟ ಬರೆದ, ಚೆನ್ನಾಗಿಯೇ ಬರೆದ. ಅದನ್ನೂ ನಾನೇ ಫೇರ್ ಮಾಡಿದೆ. ನನ್ನಂಥ ಗೂಬೆ ಇನ್ನೊಂದಿಲ್ಲ.

ಎಪ್ಪತ್ತೆಂಟರಲ್ಲಿ ಕೋಲಾರದ ಕೋದಂಡರಾಮಪ್ಪನವರು ಆ ಕಾದಂಬರಿಯ ಮೇಲೆ ವಿಶೇಷ ಸಂಚಿಕೆ ತರುತ್ತೇವೆಂದರು. ಅವರದು ಸಣ್ಣ ಮಾಸಪತ್ರಿಕೆ, ಸ್ವಂತ ಪ್ರೆಸ್ಸು. ನನ್ನ ಗಂಡ ಅವರ ಪಾಲಿಗೆ ದೊಡ್ಡ ವಿಮರ್ಶಕ. ಇವನು ಮಲಗಿದಲ್ಲೇ ಗೀಚಿ ಕೊಟ್ಟ: ಕೊಡ ಉರುಳಿದ ಸದ್ದು ಅಸ್ತಿತ್ವದ ಶೂನ್ಯದ ದನಿ, ತಂತಿಯ ಮೇಲಿನ ಹಸಿರು ಸೀರೆ ಕೈಗೂಡದ ಸಮೃದ್ಧಿಯ ಸಂಕೇತ. ನಾನು ಫೇರ್ ಮಾಡುತ್ತಾ ‘ಧಪ್ಪೆಂದು’ ಎಂಬಲ್ಲಿ ನಿಂತುಬಿಟ್ಟೆ.

ಕೊಡ ಉರುಳಿದರೆ ಧಪ್ಪೆನ್ನುತ್ತದೆಯೇ? ತಾಮ್ರದ್ದಾದರೆ ಠಣಠಣ ಅಂದುಕೊಂಡು ಬಚ್ಚಲ ತನಕ ಹೋಗುತ್ತದೆ. ಮಣ್ಣಿನದಾದರೆ ಚೂರಾದ ಸದ್ದು, ನೀರು ಚೆಲ್ಲಿದ ಸದ್ದು. ಧಪ್ಪೆನ್ನುವುದು ತಲೆ. ಗೋಡೆಗೆ ಬಡಿದ ತಲೆ ಹೊರಗಿನವರಿಗೆ ಹೇಗೆ ಕೇಳುತ್ತದೋ ಗೊತ್ತಿಲ್ಲ, ಒಳಗಿನಿಂದ ಹೇಗೆ ಕೇಳುತ್ತದೆಂದು ನನಗೆ ಗೊತ್ತು.

ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಮೂರನೆಯ ಅಧ್ಯಾಯದ ತನಕ ಆ ಹೆಂಗಸು ಹನ್ನೊಂದು ಸಲ ಮಾತಾಡುತ್ತಾಳೆ. ಆಮೇಲೆ ಒಂದು ಉಸಿರೂ ಇಲ್ಲ. ಐದನೆಯದರಲ್ಲಿ ಪಕ್ಕದ ಮನೆಯವಳು ಅವನಿಗೆ ಮುದ್ದೆ ತಂದುಕೊಡುತ್ತಾಳೆ. ಏಳನೆಯದರಲ್ಲಿ ಅವನೇ ಬೆಂಕಿಪೊಟ್ಟಣ ಹುಡುಕುತ್ತಾನೆ. ಮೂರನೆಯ ಅಧ್ಯಾಯದ ಬೆಳಿಗ್ಗೆ ಅವಳು ಒಗೆದು ಹಾಕಿದ ಹಸಿರು ಸೀರೆ ಹನ್ನೊಂದನೆಯ ಅಧ್ಯಾಯದಲ್ಲೂ ತಂತಿಯ ಮೇಲೇ ಇದೆ. ಆರು ದಿನ! ಯಾವ ಹೆಂಗಸು ಒಣಗಿದ ಸೀರೆಯನ್ನು ಆರು ದಿನ ಬಿಸಿಲಿಗೆ ಬಿಡುತ್ತಾಳೆ? ತವರಿಗೆ ಹೋಗಿದ್ದರೆ ಉಟ್ಟುಕೊಂಡು ಹೋಗುತ್ತಿದ್ದಳು, ಇಲ್ಲ ಮಡಿಸಿಟ್ಟು ಹೋಗುತ್ತಿದ್ದಳು. ಅವಳು ಸತ್ತಿದ್ದಾಳೆ ಸ್ವಾಮಿ. ಮೂರನೆಯ ಅಧ್ಯಾಯದಲ್ಲೇ ಸತ್ತಿದ್ದಾಳೆ. ಬರೆದವರು ಗುರುತನ್ನೆಲ್ಲ ಇಟ್ಟು ಸುಮ್ಮನಾಗಿದ್ದಾರೆ. ಇಷ್ಟು ವರ್ಷ ಇಷ್ಟು ಜನ ಗಂಡಸರು ಆ ಹೆಣವನ್ನು ದಾಟಿಕೊಂಡು ಹೋಗಿ, ಕೆರೆ ಏರಿಯ ಮೇಲೆ ಅವನ ಪಕ್ಕದಲ್ಲಿ ಕೂತು ಬೀಡಿ ಸೇದಿ ಬಂದಿದ್ದಾರೆ.

ನನಗೆ ಹೆದರಿಕೆಯಾಯಿತು. ಸಂತೋಷವೂ ಆಯಿತು. ಇದು ನಾನು ಕಂಡದ್ದು, ಇನ್ನು ಯಾರೂ ಕಂಡಿಲ್ಲ. ಅವನು ಕಾಲೇಜಿಗೆ ಹೋದ ಹೊತ್ತಿನಲ್ಲಿ ಒಂಬತ್ತು ದಿನ ಕೂತು ಹದಿನಾಲ್ಕು ಪುಟ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಅವನ ಲೇಖನವನ್ನು ಪೋಸ್ಟ್ ಮಾಡಲು ಕೊಟ್ಟಾಗ ನನ್ನದನ್ನೂ ಬೇರೆ ಲಕೋಟೆಯಲ್ಲಿ ಹಾಕಿ ಡಬ್ಬಕ್ಕೆ ಬಿಟ್ಟೆ. ಅಚ್ಚಾದ ಮೇಲೆ ಅವನು ಕೊಂದರೆ ಕೊಲ್ಲಲಿ, ಹೆಸರಂತೂ ಇರುತ್ತದಲ್ಲ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಅವನ ಹೆಸರಿಗೆ ಕಾರ್ಡು ಬಂತು. ಬಾಗಿಲಲ್ಲೇ ನಿಂತು ಜೋರಾಗಿ ಓದಿದ.

‘ಮಾನ್ಯರೇ, ಎರಡೂ ಲೇಖನ ತಲುಪಿದವು. ಶ್ರೀಮತಿಯವರ ಹೆಸರಿನಲ್ಲಿ ಬರೆದಿರುವುದೇ ಮೇಲು, ನೀವು ಈ ತನಕ ಬರೆದದ್ದರಲ್ಲೇ ಮೇಲು. ಆದರೆ ಈ ಮುಸುಕು ಯಾಕೆ? ಎಂಟು ವರ್ಷದಿಂದ ನೋಡುತ್ತಿರುವ ನಿಮ್ಮ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ? ಅದನ್ನೇ ನಿಮ್ಮ ಹೆಸರಿನಲ್ಲಿ ಹಾಕುತ್ತಿದ್ದೇನೆ. ಸೋಮವಾರ ಮಧ್ಯಾಹ್ನ ಮಷೀನಿಗೆ ಹೋಗುತ್ತದೆ. ಅಷ್ಟರೊಳಗೆ ಒಪ್ಪಿಗೆಯ ಒಂದು ಸಾಲು ಬರೆದು ಯಾರ ಕೈಲಾದರೂ ಕಳಿಸಿ.’

ಆಗಿನ ಕಾಲಕ್ಕೆ ಗಂಡಸರು ಹೆಂಡತಿಯ ಹೆಸರಿಟ್ಟುಕೊಂಡು ಬರೆಯುವ ಶೋಕಿ ಇತ್ತು. ಕೋದಂಡರಾಮಪ್ಪನವರು ಹಾಗೆಂದುಕೊಂಡಿದ್ದರು. ಹೆಂಡತಿಯೇ ಬರೆದಿರಬಹುದೆಂಬುದು ಆ ಮಹಾನುಭಾವರ ತಲೆಗೆ ಹೋಗಲೇ ಇಲ್ಲ.

‘ಎಲ್ಲಿ, ತಗೊಂಡ್ಬಾ’ ಎಂದ. ನನ್ನ ಕರಡು ರಾಗಿ ಕಣಜದ ಹಿಂದೆ ಇತ್ತು. ತಂದುಕೊಟ್ಟೆ. ಎರಡು ಗಂಟೆ ಓದಿದ. ಒಂದು ಸಲವೂ ತಲೆಯೆತ್ತಲಿಲ್ಲ. ನನಗೆ ಒಂದು ಆಸೆ, ಹಾಳಾದ್ದು. ಓದಿ ಏನಾದರೂ ಅನ್ನುತ್ತಾನೇನೋ, ನನ್ನ ಕಿವಿಯ ಕಡೆ ಒಂದು ಸಲ ನೋಡುತ್ತಾನೇನೋ ಎಂದು ಕಾದೆ.

‘ಚೆನ್ನಾಗಿದೆ’ ಎಂದ. ‘ಕಾಗದ ತಗೊ. ಬರಿ. ನಿಮ್ಮ ಊಹೆ ಸರಿ, ಲೇಖನ ನನ್ನದೇ ಅಂತ.’

‘ಬರೆಯಲ್ಲ.’

‘ಸೋಮವಾರದವರೆಗೂ ಟೈಮಿದೆ. ಯೋಚನೆ ಮಾಡು.’

ಸೋಮವಾರ ಬೆಳಿಗ್ಗೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಕಾಗದ, ಪೆನ್ನು ತಂದು ಪಕ್ಕದಲ್ಲಿಟ್ಟ. ಅವನ ಕೈಬರಹ ಕಳಿಸಿದರೆ ಕೋದಂಡರಾಮಪ್ಪನವರಿಗೆ ಅಕ್ಷರ ಬೇರೆಯೆಂದು ಗೊತ್ತಾಗಿಬಿಡುತ್ತದೆ. ನನ್ನ ಕೈಯೇ ಬೇಕಿತ್ತು.

‘ಬರಿ.’

‘ಅವಳು ಸತ್ತಳು ಅಂತ ನಿಮಗೆ ಯಾಕೆ ಕಾಣಲಿಲ್ಲ ಹೇಳಿ, ಬರೀತೀನಿ’ ಎಂದೆ.

ಕೋಪ ನೆತ್ತಿಗೇರಿದರೆ ಅವನಿಗೆ ತೆಲುಗು ಬರುತ್ತದೆ. ‘ಏಮೇ, ನಾಕೇ ಎದುರು ಚೆಪ್ತಾವಾ?’ ಎಂದು, ತನಗೇ ಎದುರುತ್ತರವೇ ಎಂದು, ಜುಟ್ಟು ಹಿಡಿದು ಎಳೆದ. ಮಡಕೆ ಮಗುಚಿ ಬಿಸಿ ಹಿಟ್ಟು ನನ್ನ ಕಾಲ ಮೇಲೆ ಬಿತ್ತು. ಬೆನ್ನಿಗೆ ಒದ್ದ, ಪಕ್ಕೆಗೆ ಒದ್ದ. ನಾನು ಒಲೆಯ ಕಟ್ಟೆಯನ್ನು ಬಲಗೈಯಲ್ಲಿ ಹಿಡಿದುಕೊಂಡು ಏಳಲು ಹೋದೆ. ಮುದ್ದೆ ಕೋಲು ಅವನ ಕೈಗೆ ಸಿಕ್ಕಿತು. ಕಟ್ಟೆಯ ಮೇಲಿದ್ದ ಮಣಿಕಟ್ಟಿಗೆ ಹಾಕಿದ. ಒಂದು, ಎರಡು, ಮೂರು. ಎರಡನೆಯದಕ್ಕೇ ಮೂಳೆ ಮುರಿದದ್ದು ಗೊತ್ತಾಯಿತು. ಮೂರನೆಯದು ದಂಡ. ನಾನು ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿರಬೇಕು. ಯಾರೂ ಬರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಅವನು ಪೆನ್ನಿನ ಕಡೆ ನೋಡಿದ, ನನ್ನ ಕೈ ಕಡೆ ನೋಡಿದ. ಕೈ ಆಗಲೇ ಮಣಿಕಟ್ಟಿನಿಂದ ಕೆಳಗೆ ಬೇರೆಯವರದ್ದೇನೋ ಅನ್ನುವಂತೆ ನೇತಾಡುತ್ತಿತ್ತು. ಅಂಥ ನೋವಿನಲ್ಲೂ ನನಗೆ ನಗು ಬಂತು. ನಕ್ಕದ್ದಕ್ಕೆ ಇನ್ನೊಂದು ಒದೆ ಬಿತ್ತು.

‘ಹತ್ತು ಗಂಟೆ ಪಾಠ ಮುಗಿಸ್ಕೊಂಡು ನಾನೇ ಕೋಲಾರಕ್ಕೆ ಹೋಗ್ತೀನಿ. ನೀನು ಬಿದ್ದಿರು ಇಲ್ಲೇ’ ಎಂದು ಹೊರಗಿನಿಂದ ಚಿಲಕ ಹಾಕಿ ಹೋದ.

ಹಿತ್ತಲ ಗೋಡೆ ಎದೆಯೆತ್ತರ. ಒಂದೇ ಕೈಯಲ್ಲಿ ಹೇಗೆ ಹತ್ತಿದೆನೋ ಕೇಳಬೇಡಿ. ಮುರಿದ ಕೈಯನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿ ಕೋಲಾರದ ಬಸ್ಸು ಹತ್ತಿದೆ. ರಸ್ತೆಯ ಒಂದೊಂದು ಗುಂಡಿಯೂ ನನ್ನ ಮೂಳೆಯೊಳಗೇ ಇಳಿದು ಹೋಯಿತು. ಕಣ್ಣು ಕತ್ತಲೆ ಬಂದಾಗಲೆಲ್ಲ ನನ್ನ ಲೇಖನದ ಮೊದಲ ಪ್ಯಾರಾವನ್ನು ಬಾಯಲ್ಲಿ ಹೇಳಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಹುಚ್ಚಿಯೆಂದು ಎದ್ದು ಬೇರೆ ಸೀಟಿಗೆ ಹೋದಳು.

ಪ್ರೆಸ್ಸು ಗಡಿಯಾರ ಕಂಬದ ಹತ್ತಿರ. ಕೋದಂಡರಾಮಪ್ಪನವರು ನಶ್ಯದ ಡಬ್ಬಿ ಹಿಡಿದು ಕೂತಿದ್ದರು. ಒಳಗೆ ಅಚ್ಚಿನ ಮೊಳೆ ಜೋಡಿಸುವ ಓಬೇದುಲ್ಲಾ ಸಾಹೇಬರು ಕಲ್ಲು ಮೇಜಿನ ಮೇಲೆ ನಾಲ್ಕು ಪುಟದ ಅಚ್ಚನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸುತ್ತಿದ್ದರು. ಸೀಸದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೂ ಎಂಟು ವರ್ಷದಿಂದ ಬರೆದ ಹೆಸರು ತಿಳಿಯುವುದಿಲ್ಲವೇ? ನನ್ನ ಲೇಖನದ ನೆತ್ತಿಯ ಮೇಲೆ ಸುಬ್ಬರಾಯಪ್ಪ ಕೂತಿದ್ದ.

‘ಆ ಲೇಖನ ನಂದು’ ಎಂದೆ.

ಕೋದಂಡರಾಮಪ್ಪನವರು ನಕ್ಕರು. ‘ಮೇಷ್ಟ್ರು ಹೇಳಿ ಕಳಿಸಿದ್ರಾ? ಒಳ್ಳೆ ತಮಾಷೆ. ಅವರ ಅಕ್ಷರ ನಂಗೆ ಗೊತ್ತಿಲ್ವೇನಮ್ಮಾ?’

‘ಅಕ್ಷರ ನಂದು. ಎಂಟು ವರ್ಷದಿಂದ ನಂದೇ.’

‘ಹಾಗಾದ್ರೆ ಒಂದು ಸಾಲು ಬರೆದು ತೋರಿಸಿ’ ಎಂದು ಪ್ಯಾಡು ಮುಂದಕ್ಕೆ ತಳ್ಳಿದರು.

ನಾನು ಟವಲು ಬಿಚ್ಚಿ ಕೈಯನ್ನು ಪ್ಯಾಡಿನ ಮೇಲಿಟ್ಟೆ. ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ‘ರಾಮ ರಾಮ’ ಎಂದರು. ಆಮೇಲೆ ನಶ್ಯದ ಡಬ್ಬಿಯನ್ನು ಎರಡು ಸಲ ತೆಗೆದು ಮುಚ್ಚಿದರು.

ಓಬೇದುಲ್ಲಾ ಒಳಗಿನಿಂದಲೇ ಹೇಳಿದರು. ‘ಸಾಬ್, ಮೇಷ್ಟ್ರ ಹತ್ರದಿಂದ ಪ್ರೂಫ್ ತಿದ್ದಿ ಬರ್ತದಲ್ಲ, ಆ ಕೈ ಬೇರೆ. ಕೋಳಿ ಕೆದರ್ದಂಗಿರ್ತದೆ. ಲೇಖನ ಬರೆಯೋ ಕೈ ಮುತ್ತು. ಬರೆಯೋರು ಮೇಷ್ಟ್ರಲ್ಲ ಅಂತ ನಂಗೆ ಮೊದಲಿಂದ ಗೊತ್ತು.’

‘ಗೊತ್ತಿದ್ರೆ ಯಾಕಯ್ಯಾ ಹೇಳ್ಲಿಲ್ಲ?’

‘ನೀವು ಕೇಳ್ಲಿಲ್ಲ ಸಾಬ್.’

ಕೋದಂಡರಾಮಪ್ಪನವರು ಬೆವರು ಒರೆಸಿಕೊಂಡರು. ‘ನೋಡಮ್ಮಾ, ಮನೆ ಜಗಳ ಪತ್ರಿಕೆಗೆ ಬೇಡ. ಇಬ್ಬರ ಹೆಸರೂ ಹಾಕೋಣ. ಸುಬ್ಬರಾಯಪ್ಪ ದಂಪತಿಗಳು ಅಂತ. ಆಗಬಹುದಾ?’

‘ಥೂ’ ಎಂದೆ. ನಿಜವಾಗಿಯೂ ಉಗಿದೆ.

ಅಷ್ಟರಲ್ಲಿ ಅವನು ಬಂದ. ಬಾಗಿಲಲ್ಲಿ ನನ್ನನ್ನು ಕಂಡವನೇ, ಇಬ್ಬರು ಗಂಡಸರಿದ್ದಾರೆಂಬುದನ್ನೂ ಮರೆತ. ಎಂಟು ವರ್ಷ ನಾಲ್ಕು ಗೋಡೆಯೊಳಗೆ ಮಾಡಿದ್ದನ್ನು ಆವತ್ತು ಬೆಳಕಿನಲ್ಲಿ ಮಾಡಿದ. ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದ. ‘ಹುಚ್ಚು ಹಿಡಿದಿದೆ ಸ್ವಾಮಿ ಇವಳಿಗೆ, ತವರಿನಿಂದ್ಲೂ ಇದೆ’ ಎಂದು ಅವರಿಗೆ ಹೇಳುತ್ತಲೇ ನನ್ನ ಮುಖವನ್ನು ಕಲ್ಲು ಮೇಜಿಗೆ ಬಡಿದ. ಹಲ್ಲೊಂದು ಸಡಿಲವಾಗಿ ನಾಲಿಗೆಗೆ ತಾಗಿತು. ಇನ್ನೊಂದು ಸಲ ಬಡಿದ. ಕೋದಂಡರಾಮಪ್ಪನವರು ‘ಮೇಷ್ಟ್ರೇ, ಮೇಷ್ಟ್ರೇ, ಇದು ಪ್ರೆಸ್ಸು’ ಎಂದರು. ಇಷ್ಟೇ. ಓಬೇದುಲ್ಲಾ ಮೇಜು ಸುತ್ತಿಕೊಂಡು ಓಡಿಬಂದು ಅವನ ತೋಳು ಹಿಡಿದರು. ಅವನು ಮೊಣಕೈಯಿಂದ ಆ ಮುದುಕರ ಎದೆಗೆ ಗುದ್ದಿ ಕೆಡವಿದ.

ಮೂರನೆಯ ಸಲ ಬಡಿದರೆ ಸಾಯುತ್ತೇನೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಸತ್ತರೆ ಇವರು ಏನು ಬರೆಯುತ್ತಾರೆಂಬುದೂ ಗೊತ್ತಾಯಿತು. ನನ್ನ ಕಣ್ಣ ಮುಂದೆ, ಒಂದು ಗೇಣು ದೂರದಲ್ಲಿ, ಕಬ್ಬಿಣದ ಚೌಕಟ್ಟು ಅರ್ಧ ಮೇಜಿನ ಮೇಲೆ, ಅರ್ಧ ಗಾಳಿಯಲ್ಲಿತ್ತು. ಓಬೇದುಲ್ಲಾ ಅದನ್ನು ಮಷೀನಿಗೆ ಎತ್ತಲೆಂದು ಎಳೆದಿಟ್ಟಿದ್ದರು. ಎಡಗೈಯಲ್ಲಿ ಅದರ ಅಂಚು ಹಿಡಿದೆ. ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಎಳೆದೆ.

ನಾಲ್ಕು ಪುಟದ ಸೀಸ, ಕಬ್ಬಿಣ, ಎಲ್ಲ ಅವನ ಪಾದದ ಮೇಲೆ ಬಿತ್ತು. ಅವನು ಜಡೆ ಬಿಟ್ಟ. ಹಂದಿ ಕೊಯ್ದಂತೆ ಅರಚಿದ. ಚಪ್ಪಲಿಯ ತುದಿಯಿಂದ ರಕ್ತ ಬಂದು ನೆಲದ ಮೇಲೆ ಚೆಲ್ಲಿದ್ದ ಅಕ್ಷರಗಳ ಮಧ್ಯೆ ಹರಿಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನೊಂದು ಚೌಕಟ್ಟು ಇದ್ದಿದ್ದರೆ ಇನ್ನೊಂದು ಕಾಲಿಗೂ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

‘ನನ್ನ ಟೈಪು!’ ಎಂದು ಕೋದಂಡರಾಮಪ್ಪನವರು ತಲೆಯ ಮೇಲೆ ಕೈಹೊತ್ತರು. ಆವತ್ತು ಅವರು ಮನಸಾರೆ ಕೂಗಿದ ಮಾತು ಅದೊಂದೇ. ಬೀದಿಯ ಜನ ನುಗ್ಗಿ ಬಂದು ಅವನನ್ನು ಜಟಕಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು.

‘ಮತ್ತೆ ಜೋಡಿಸಿ’ ಎಂದೆ ನಾನು, ಬಾಯಿಂದ ರಕ್ತ ಉಗುಳಿ. ‘ನನ್ನ ಹೆಸರಿಂದ ಶುರು ಮಾಡಿ. ಅವನ ಹೆಸರಲ್ಲಿ ಬಂದ್ರೆ ನಾನು ಮತ್ತೆ ಬರ್ತೀನಿ. ಜೋಡಿಸಿದಷ್ಟು ಸಲ ಕೆಡವ್ತೀನಿ.’

‘ಹಾಕ್ರಯ್ಯಾ, ಹಾಕಿ, ಯಾರದ್ದು ಬೇಕೋ ಹಾಕಿ’ ಎಂದರು ಕೋದಂಡರಾಮಪ್ಪನವರು.

‘ಅಮ್ಮಾ, ಮೊದಲು ಆಸ್ಪತ್ರೆಗೆ ನಡೀರಿ’ ಎಂದರು ಓಬೇದುಲ್ಲಾ, ಎದೆ ಒತ್ತಿಕೊಂಡು. ನಾನು ಅಲ್ಲಾಡಲಿಲ್ಲ. ಅವರು ಪೆಟ್ಟಿಗೆಯಿಂದ ಅಕ್ಷರ ಆರಿಸಿ ಕೂರಿಸಿದರು. ಮಸಿ ಬಳಿದು, ಚೀಟಿಯ ಮೇಲೆ ಒತ್ತಿ ತೋರಿಸಿದರು. ಆದಿಲಕ್ಷ್ಮಮ್ಮ. ಸಂಚಿಕೆ ಹನ್ನೆರಡು ದಿನ ತಡವಾಗಿ ಬಂತು, ಲೇಖನ ಆ ಹೆಸರಿನಲ್ಲೇ ಬಂತು. ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಅವರ ಜೊತೆ ಆಸ್ಪತ್ರೆಗೆ ನಡೆದೆ.

ಆಸ್ಪತ್ರೆಯಲ್ಲಿ ಅವನು ಒಳಗೆ ಮಂಚದ ಮೇಲೆ ನರಳುತ್ತಿದ್ದ. ಹೊರಗೆ ಕಾಂಪೌಂಡರು ದೊಡ್ಡ ರಿಜಿಸ್ಟರು ತೆರೆದು ಕೂತಿದ್ದ. ನನ್ನ ಕೈ ನೋಡಿದ, ಮುಖ ನೋಡಿದ, ಹೆಸರು ಕೇಳಿದ, ಸರಸರನೆ ಏನೋ ಬರೆದ. ಹೇಗಾಯಿತೆಂದು ಕೇಳಲೇ ಇಲ್ಲ.

ನಾನು ಬಗ್ಗಿ ನೋಡಿದೆ. ಮೇಲಿನ ಸಾಲು ಅವನದು: ‘ಸುಬ್ಬರಾಯಪ್ಪ, 36. ಹೆಂಡತಿಯು ಕಬ್ಬಿಣ ಹಾಕಿ ಕಾಲು ಜಜ್ಜಿದ್ದು.’ ಅದರ ಕೆಳಗೆ ನನ್ನದು: ‘ಆದಿಲಕ್ಷ್ಮಮ್ಮ, 29. ಕಾಲು ಜಾರಿ ಬಿದ್ದು ಕೈ ಮುರಿದದ್ದು.’

‘ನಾನು ಜಾರಿದೆ ಅಂತ ಯಾರು ಹೇಳಿದ್ರು?’

‘ಹೆಂಗಸ್ರು ಎಲ್ಲಾ ಹಂಗೇ ಹೇಳೋದು ತಾಯಿ. ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಬರ್ಕೊಂಬಿಟ್ಟೆ.’

‘ಹೊಡೆದು ಹಾಕಿ.’

‘ರಿಜಿಸ್ಟರಲ್ಲಿ ಒಂದ್ಸಲ ಬರೆದದ್ದು ಬರೆದಾಯ್ತು. ಹೊಡೆದು ಹಾಕಂಗಿಲ್ಲ.’

ನಾನು ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ. ಎಡಗೈಯಲ್ಲಿ ಅದನ್ನು ಹೇಗೆ ಹಿಡಿಯಬೇಕೆಂದೇ ತಿಳಿಯಲಿಲ್ಲ, ಮುಷ್ಟಿಯಲ್ಲಿ ಹಿಡಿದೆ. ‘ಕಾಲು ಜಾರಿ ಬಿದ್ದು’ ಎಂಬುದರ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ಬರೆಯತೊಡಗಿದೆ. ಒಂದನೆಯ ಕ್ಲಾಸಿನ ಮಕ್ಕಳ ಅಕ್ಷರದ ಹಾಗೆ ಸೊಟ್ಟಸೊಟ್ಟಗೆ, ಒಂದೊಂದು ಕೊಂಬಿಗೂ ನಿಲ್ಲುತ್ತಾ ಬರೆದೆ. ಗಂಡ ಮುದ್ದೆ ಕೋಲಿನಿಂದ ಹೊಡೆದು ಕೈ ಮುರಿದದ್ದು. ಕಾಂಪೌಂಡರು ರಿಜಿಸ್ಟರನ್ನು ಎಳೆದುಕೊಳ್ಳಲು ಕೈ ಚಾಚಿದ. ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಆ ಒಂದು ಸಾಲಿಗೆ ಹತ್ತು ನಿಮಿಷ ಹಿಡಿಯಿತು. ಬರೆದು ಮುಗಿಸಿ, ಅದನ್ನು ಜೋರಾಗಿ ಓದು ಎಂದು ಅವನಿಗೆ ಹೇಳಿದೆ. ಅವನು 
ಓದಿದ.